ಒಂದು ಮಿಲಿಮೀಟರ್ ಆಯುಷ್ಯ

ಹಳೆಯ ಟೂ-ಸ್ಟ್ರೋಕ್ ಬೈಕಿನ ಸಿಲಿಂಡರಿಗೆ ಇರುವ ಆಯುಷ್ಯ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಇದು ವರ್ಷಗಳ ಲೆಕ್ಕವಲ್ಲ, ಓಡಿದ ಕಿಲೋಮೀಟರುಗಳ ಲೆಕ್ಕವೂ ಅಲ್ಲ. ಸಿಲಿಂಡರಿನ ಒಳಗೋಡೆಯಿಂದ ಎಷ್ಟು ಕಬ್ಬಿಣವನ್ನು ಕೆರೆದು ತೆಗೆಯಬಹುದು ಎಂಬ ಲೆಕ್ಕ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಬೈಕನ್ನೇ ತೆಗೆದುಕೊಳ್ಳಿ. ಅದರ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿ.ಮೀ. ಸವೆದಾಗ ಅದನ್ನು 65.25ಕ್ಕೆ ಕೊರೆಸಿ, ಅದೇ ಅಳತೆಯ ದೊಡ್ಡ ಪಿಸ್ಟನ್ ಹಾಕುತ್ತಾರೆ. ಮತ್ತೆ ಸವೆದರೆ 65.50, ಆಮೇಲೆ 65.75, ಕೊನೆಗೆ 66. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಓವರ್‌ಸೈಜ್ ಪಿಸ್ಟನ್‌ಗಳ ಮೆಟ್ಟಿಲು ಇಷ್ಟೇ. ನಾಲ್ಕು ಮೆಟ್ಟಿಲು ಮುಗಿದ ಮೇಲೆ ಒಂದೋ ಸ್ಲೀವ್ ಹೊಡೆಸಬೇಕು, ಇಲ್ಲವೇ ಬೇರೆ ಸಿಲಿಂಡರ್ ಹುಡುಕಬೇಕು.

ಈ ನಾಲ್ಕು ಮೆಟ್ಟಿಲನ್ನು ಹೇಗೆ ಖರ್ಚು ಮಾಡುತ್ತಿದ್ದೇವೆ ಎಂಬುದೇ ಇಲ್ಲಿನ ಪ್ರಶ್ನೆ. ಬೋರ್ ಹೊಡೆಸುವುದು ಇವತ್ತು ಎಣ್ಣೆ ಬದಲಾಯಿಸಿದಷ್ಟು ಸಲೀಸಾಗಿ ನಡೆಯುವ ಕೆಲಸವಾಗಿದೆ. ಎಂಜಿನ್ ಬಿಚ್ಚಿದ್ದೇವಲ್ಲ, ಹೇಗೂ ಬೋರ್ ಮಾಡಿಸಿಬಿಡೋಣ ಎನ್ನುವುದು ಗ್ಯಾರೇಜುಗಳ ಮಾತು. ಚಿಕ್ಕ ಸದ್ದಿಗೆ ಒಂದು ಮೆಟ್ಟಿಲು, ಒಮ್ಮೆ ಸೀಜ್ ಆದದ್ದಕ್ಕೆ ಎರಡು ಮೆಟ್ಟಿಲು, ಸ್ವಲ್ಪ ಪವರ್ ಹೆಚ್ಚಾಗಲಿ ಎಂಬ ಆಸೆಗೆ ನಾಲ್ಕೂ ಮೆಟ್ಟಿಲು ಒಟ್ಟಿಗೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಇಲ್ಲಿ ಹೊನ್ನಿನ ಜಾಗದಲ್ಲಿ ಕಬ್ಬಿಣ ಇದೆ, ಅಷ್ಟೇ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾದ ಮೇಲೆ ಆ ಕಬ್ಬಿಣವನ್ನು ಮತ್ತೆ ಎರಕ ಹೊಯ್ದು ಕೊಡುವವರು ಯಾರೂ ಇಲ್ಲ.

ಮೈಸೂರಿನ ಕಬ್ಬಿಣ

ಐಡಿಯಲ್ ಜಾವಾ ಕಥೆ ಕನ್ನಡಿಗರಿಗೆ ಹೊಸದಲ್ಲ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಿಂದ ಬೈಕುಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಈಗ ಅದೇ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತಿರುವ ಬೈಕುಗಳು ಫೋರ್-ಸ್ಟ್ರೋಕ್. ಅವುಗಳ ಯಾವ ಭಾಗವೂ ಹಳೆಯ ಎಂಜಿನ್ನಿಗೆ ಕೂರುವುದಿಲ್ಲ.

ಡರ್ಟ್ ಬೈಕಿಗೂ ಮೈಸೂರಿನ ಈ ಬೈಕಿಗೂ ಏನು ಸಂಬಂಧ ಎಂದು ಕೇಳಬಹುದು. ಜಾವಾದ ಒಡಹುಟ್ಟಿದ ಕಂಪನಿ ಸಿಝೆಡ್‌ನ ಟೂ-ಸ್ಟ್ರೋಕ್ ಬೈಕಿನಲ್ಲಿ ಬೆಲ್ಜಿಯಂನ ಜೋಯೆಲ್ ರೋಬರ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದರು. ಮಣ್ಣಿನ ರೇಸಿನಲ್ಲಿ ಟೂ-ಸ್ಟ್ರೋಕ್ ಯುಗ ಬಲವಾಗಿ ಬೇರೂರಿದ್ದು ಆ ವರ್ಷಗಳಲ್ಲೇ. 1968ರಲ್ಲಿ ಯಮಾಹಾ ಡಿಟಿ-1 ಎಂಬ 246 ಸಿಸಿ ಬೈಕನ್ನು ತಂದು ಅಮೆರಿಕದ ಕಾಡುದಾರಿಗಳನ್ನು ಸಾಮಾನ್ಯ ಸವಾರರಿಗೂ ತೆರೆದುಕೊಟ್ಟಿತು. ಭಾರತದಲ್ಲಿ ಅಂಥ ಬೈಕುಗಳನ್ನು ಆಮದು ಮಾಡಿಕೊಳ್ಳುವುದು ಸುಲಭವಿರಲಿಲ್ಲ. ಆದ್ದರಿಂದ ನಮ್ಮವರು ರಸ್ತೆಯ ಬೈಕುಗಳನ್ನೇ ಬಿಚ್ಚಿ, ಮಡ್‌ಗಾರ್ಡ್ ಎತ್ತರಿಸಿ, ಗುಬುಟು ಟಯರ್ ಹಾಕಿ ಡರ್ಟ್ ಬೈಕು ಮಾಡಿಕೊಂಡರು. ಯೆಜ್ಡಿ, ರಾಜದೂತ್, ಆಮೇಲೆ ಆರ್‌ಎಕ್ಸ್ 100, ಶೋಗನ್ ಎಲ್ಲವೂ ಮಣ್ಣು ಕಂಡವು. ನಮ್ಮ ದೇಶದ ಹಳೆಯ ಡರ್ಟ್ ಬೈಕ್ ಅಂದರೆ ಬಹುಮಟ್ಟಿಗೆ ಇವೇ.

ಈ ತಲೆಮಾರಿನ ಎಂಜಿನ್‌ಗಳಿಗೆ ಒಂದು ಸೌಭಾಗ್ಯ ಇದೆ. ಜಾವಾದ ಸಿಲಿಂಡರ್ ಎರಕದ ಕಬ್ಬಿಣ. ಆ ಕಾಲದ ಜಪಾನಿ ಬೈಕುಗಳಲ್ಲಿ ಹೊರಗೆ ಅಲ್ಯುಮಿನಿಯಂ ಇದ್ದರೂ ಒಳಗೆ ಕಬ್ಬಿಣದ ಸ್ಲೀವ್ ಇರುತ್ತಿತ್ತು. ಕಬ್ಬಿಣ ಇದ್ದಲ್ಲಿ ಕೊರೆಯಬಹುದು. ಈಗಿನ ಮೋಟೋಕ್ರಾಸ್ ಬೈಕುಗಳ ಸಿಲಿಂಡರಿನಲ್ಲಿ ಅಲ್ಯುಮಿನಿಯಂ ಮೇಲೆ ನಿಕಾಸಿಲ್‌ನಂಥ ತೆಳುವಾದ ಗಟ್ಟಿ ಲೇಪನ ಇರುತ್ತದೆ. ಅದು ಬಹುಕಾಲ ಸವೆಯುವುದಿಲ್ಲ. ಆದರೆ ಸವೆದರೆ ಊರಿನ ಲೇತ್ ಅಂಗಡಿಯವರು ಕೈಕಟ್ಟಿ ಕೂರಬೇಕು; ಮತ್ತೆ ಲೇಪನ ಮಾಡುವ ಸೌಲಭ್ಯ ಇದ್ದಲ್ಲಿಗೇ ಕಳಿಸಬೇಕು. ಹಳೆಯ ಎಂಜಿನ್ ರೂಪಿಸಿದವರು ಇದು ಸವೆಯುತ್ತದೆ, ಸವೆದಾಗ ಸರಿಪಡಿಸಿಕೊಳ್ಳಿ ಎಂದು ಮೊದಲೇ ಗೋಡೆಯಲ್ಲಿ ಕಬ್ಬಿಣ ಇಟ್ಟುಕೊಟ್ಟಿದ್ದಾರೆ. ಇದು ತಯಾರಕರು ಕೊಳ್ಳುವವರಿಗೆ ಕೊಟ್ಟ ಒಂದು ಮಾತು. ಆ ಮಾತನ್ನು ಗೌರವಿಸುವುದು ಅಂದರೆ ಅಳೆದು ಖರ್ಚು ಮಾಡುವುದು.

ಕೂದಲೆಳೆಯ ಬಿಡುವು

ಟೂ-ಸ್ಟ್ರೋಕ್ ಎಂಜಿನ್ನಿನ ಬೋರಿಂಗ್ ಕೆಲಸ ಫೋರ್-ಸ್ಟ್ರೋಕಿಗಿಂತ ಸೂಕ್ಷ್ಮ. ಕಾರಣ, ಇದರಲ್ಲಿ ವಾಲ್ವ್ ಬಾಗಿಲುಗಳಿಲ್ಲ. ಗೋಡೆಯಲ್ಲೇ ಕಿಟಕಿಗಳಿವೆ. ಪೆಟ್ರೋಲು ಬೆರೆತ ಗಾಳಿ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬರುತ್ತದೆ, ಅಲ್ಲಿಂದ ಒತ್ತಡಕ್ಕೆ ಸಿಕ್ಕಿ ಟ್ರಾನ್ಸ್‌ಫರ್ ಕಿಟಕಿಗಳ ಮೂಲಕ ಮೇಲೆ ಹೋಗುತ್ತದೆ, ಸುಟ್ಟ ಹೊಗೆ ಎಗ್ಸಾಸ್ಟ್ ಕಿಟಕಿಯಿಂದ ಹೊರಬೀಳುತ್ತದೆ. ಈ ಕಿಟಕಿಗಳನ್ನು ತೆರೆಯುವುದೂ ಮುಚ್ಚುವುದೂ ಪಿಸ್ಟನ್ನೇ. ಪಿಸ್ಟನ್ ರಿಂಗುಗಳು ಪ್ರತಿ ಸುತ್ತಿನಲ್ಲೂ ಕಿಟಕಿಗಳ ಅಂಚನ್ನು ದಾಟಿಕೊಂಡು ಹೋಗಬೇಕು. ನೀರೆಣ್ಣೆಯ ಹಾಗೆ ಪೆಟ್ರೋಲಿನಲ್ಲಿ ಕರಗಿ ಬರುವ ಆಯಿಲ್ಲೇ ಅವುಗಳಿಗೆ ಆಸರೆ.

ಹಾಗಾಗಿ ಸವೆತ ಎಲ್ಲ ಕಡೆ ಒಂದೇ ರೀತಿ ಆಗುವುದಿಲ್ಲ. ರಿಂಗು ಮೇಲೆ ಹೋಗಿ ತಿರುಗುವ ಜಾಗದಲ್ಲಿ ಹೆಚ್ಚು, ಬಿಸಿ ಹೊಗೆ ತಾಗುವ ಎಗ್ಸಾಸ್ಟ್ ಕಿಟಕಿಯ ಸುತ್ತ ಹೆಚ್ಚು, ಪಿಸ್ಟನ್ ಒತ್ತಿ ಜಾರುವ ಮುಂದು ಹಿಂದಿನ ಬದಿಗಳಲ್ಲಿ ಹೆಚ್ಚು, ತಳದಲ್ಲಿ ಕಡಿಮೆ. ದುಂಡಗಿದ್ದ ಬೋರು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮೇಲೆ ಅಗಲ ಕೆಳಗೆ ಕಿರಿದಾಗುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸರಿಯಾಗಿ ತಿಳಿಯುವುದಿಲ್ಲ. ಡಯಲ್ ಇರುವ ಬೋರ್ ಗೇಜ್ ಹಿಡಿದು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿಗೆ ಅಳೆಯಬೇಕು. ಒಟ್ಟು ಆರು ಅಳತೆ. ಹತ್ತು ನಿಮಿಷದ ಕೆಲಸ. ಬೋರ್ ಮಾಡಿಸಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಬೇಕಾದ್ದು ಈ ಆರು ಅಂಕಿಗಳು.

ಬೇಕು ಎಂದಾದರೆ ಮೊದಲು ಪಿಸ್ಟನ್ ತರಬೇಕು, ಆಮೇಲೆ ಕೊರೆಯಬೇಕು. ಡಬ್ಬಿಯ ಮೇಲೆ 0.50 ಎಂದು ಅಚ್ಚಾಗಿದ್ದ ಮಾತ್ರಕ್ಕೆ ಒಳಗಿನ ಪಿಸ್ಟನ್ ಅಷ್ಟೇ ಇರುತ್ತದೆ ಎಂದು ನಂಬುವಂತಿಲ್ಲ. ಪಿಸ್ಟನ್ ಕೂಡ ಪೂರ್ತಿ ದುಂಡಗಿರುವುದಿಲ್ಲ. ಬಿಸಿಯಾದಾಗ ದುಂಡಗಾಗಲಿ ಎಂದು ಬೇಕೆಂದೇ ತುಸು ಅಂಡಾಕಾರ ಮಾಡಿರುತ್ತಾರೆ. ಆದ್ದರಿಂದ ಕೈಪಿಡಿ ಹೇಳಿದ ಎತ್ತರದಲ್ಲಿ, ಪಿನ್ನಿಗೆ ಅಡ್ಡಲಾಗಿ ಮೈಕ್ರೋಮೀಟರ್ ಹಿಡಿದು ಅಳೆಯಬೇಕು. ಆ ಅಳತೆಗೆ ಬಿಡುವನ್ನು ಕೂಡಿಸಿದರೆ ಬರುವುದೇ ಹೊಸ ಬೋರು.

ಬಿಡುವು ಎಷ್ಟು? ಇಂಥ ಎಂಜಿನ್‌ಗಳಲ್ಲಿ ಒಂದು ಮಿಲಿಮೀಟರಿನ ನೂರು ಭಾಗದಲ್ಲಿ ನಾಲ್ಕರಿಂದ ಎಂಟು ಭಾಗ. ಬೈಕಿನಿಂದ ಬೈಕಿಗೆ, ಪಿಸ್ಟನ್ನಿಂದ ಪಿಸ್ಟನ್ನಿಗೆ ವ್ಯತ್ಯಾಸ ಉಂಟು. ತಲೆಗೂದಲಿನ ದಪ್ಪ ಅಷ್ಟಿರುತ್ತದೆ. ಬಿಸಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಿಡುವು ಕಡಿಮೆಯಾದರೆ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇಳಿಜಾರಿನಲ್ಲೋ ತಿರುವಿನಲ್ಲೋ ಹಿಂದಿನ ಚಕ್ರ ತಟ್ಟನೆ ನಿಂತುಬಿಡುತ್ತದೆ. ಹೆಚ್ಚಾದರೆ ಪಿಸ್ಟನ್ ಗೋಡೆಗೆ ಬಡಿಯುತ್ತಾ, ರಿಂಗು ಅಲುಗಾಡುತ್ತಾ ಹೊಸ ಬೋರು ಬೇಗನೆ ಹಳತಾಗುತ್ತದೆ. ಸವಾರರ ಮೈಕೈ ಉಳಿಯುವುದು, ಸಿಲಿಂಡರಿನ ಒಂದು ಮೆಟ್ಟಿಲು ಉಳಿಯುವುದು ಎರಡೂ ಕೂದಲೆಳೆಯ ಮೇಲೆ ನಿಂತಿವೆ.

ಕೊರೆಯುವಾಗಲೂ ತಿಳಿವಳಿಕೆ ಬೇಕು. ಬೋರಿಂಗ್ ಮಷೀನಿನ ಕೇಂದ್ರವನ್ನು ಸವೆದ ಜಾಗಕ್ಕೆ ಹೊಂದಿಸಿದರೆ ಹೊಸ ಬೋರು ವಾಲಿಕೊಳ್ಳುತ್ತದೆ. ಸವೆಯದ ತಳಭಾಗವನ್ನು ಹಿಡಿದು, ತಳದ ಫ್ಲ್ಯಾಂಜಿಗೆ ನೆಟ್ಟಗೆ ನಿಲ್ಲಿಸಿ ಕೊರೆಯಬೇಕು. ಕೊನೆಯ ಕೆಲವು ನೂರನೇ ಭಾಗವನ್ನು ಹೋನಿಂಗ್‌ಗೆ ಬಿಡಬೇಕು. ಹೋನಿಂಗ್ ಕಲ್ಲು ಗೋಡೆಯ ಮೇಲೆ ಅಡ್ಡಡ್ಡ ಗೀರು ಬಿಡಿಸುತ್ತದೆ; ಎಣ್ಣೆ ನಿಲ್ಲುವುದು ಆ ಗೀರುಗಳಲ್ಲೇ. ಆಮೇಲೆ ಪ್ರತಿ ಕಿಟಕಿಯ ಅಂಚನ್ನೂ ನವಿರಾಗಿ ಉಜ್ಜಿ ಮೊಂಡು ಮಾಡಬೇಕು. ಚೂಪು ಬಿಟ್ಟರೆ ರಿಂಗು ಅಲ್ಲಿ ಸಿಕ್ಕಿ ಮುರಿಯುತ್ತದೆ. ರಿಂಗನ್ನು ಬೋರಿನೊಳಗೆ ಇಳಿಸಿ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ಕೊನೆಗೆ ಸಿಲಿಂಡರನ್ನು ಬಿಸಿನೀರು ಸೋಪಿನಲ್ಲಿ ತಿಕ್ಕಿ ತೊಳೆಯಬೇಕು. ಬರೀ ಪೆಟ್ರೋಲಿನಲ್ಲಿ ಅದ್ದಿ ತೆಗೆದರೆ ಕಲ್ಲಿನ ಪುಡಿ ಗೀರುಗಳಲ್ಲೇ ಉಳಿದು ಹೊಸ ರಿಂಗನ್ನು ತಿನ್ನುತ್ತದೆ. ಇದರಲ್ಲಿ ಗುಟ್ಟಿನ ವಿದ್ಯೆ ಏನೂ ಇಲ್ಲ. ತಾಳ್ಮೆ ಬೇಕು, ಅಳತೆಯ ಸಾಮಾನು ಬೇಕು.

ಮುಳ್ಳು ಒಳಗೇ ಬಿಟ್ಟ ಹಾಗೆ

ಮಣ್ಣಿನಲ್ಲಿ ಓಡುವ ಬೈಕಿನ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ಇಂಥ ಬೈಕಿನ ಬೋರು ತಿನ್ನುವ ದೊಡ್ಡ ಶತ್ರು ಧೂಳು. ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಒಂದು ಸೀಳು, ಕಾರ್ಬುರೇಟರಿನ ರಬ್ಬರಿನಲ್ಲಿ ಒಂದು ಬಿರುಕು ಇದ್ದರೂ ಸಾಕು, ಧೂಳು ಪೆಟ್ರೋಲಿನ ಜೊತೆ ಬೆರೆತು ಕ್ರ್ಯಾಂಕ್ ಬೇರಿಂಗನ್ನು ಹಾದು, ಗೋಡೆಯನ್ನು ಅರದ ಹಾಗೆ ಉಜ್ಜುತ್ತದೆ. ಸೀಜ್ ಆಗುವುದಕ್ಕೂ ಬಹುಪಾಲು ಕಾರಣ ಬೋರಿನ ಹೊರಗಡೆಯೇ ಇರುತ್ತದೆ. ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಗಾಳಿ ಎಳೆಯುವುದು, ಜೆಟ್ ಕಟ್ಟಿಕೊಂಡು ಪೆಟ್ರೋಲು ಸಾಲದಾಗುವುದು, ಪಾಯಿಂಟ್ ಸರಿದು ಕಿಡಿ ಬೇಗ ಹೊಡೆಯುವುದು, ಪೆಟ್ರೋಲ್ ಬಂಕಿನಲ್ಲಿ ಆಯಿಲನ್ನು ಕಣ್ಣಂದಾಜಿನಲ್ಲಿ ಸುರಿಯುವುದು.

ಇವುಗಳನ್ನು ನೋಡದೆ ಬೋರ್ ಮಾತ್ರ ಮಾಡಿಸಿದರೆ ಮುಳ್ಳನ್ನು ಒಳಗೇ ಬಿಟ್ಟು ಗಾಯಕ್ಕೆ ಮುಲಾಮು ಹಚ್ಚಿದ ಹಾಗೆ. ಎರಡು ತಿಂಗಳಿಗೆ ಮತ್ತೆ ಸೀಜ್, ಮತ್ತೆ ಬೋರ್. ಒಂದೇ ಬೇಸಿಗೆಯಲ್ಲಿ ಎರಡು ಮೆಟ್ಟಿಲು ಮುಗಿಯಿತು. ತಪ್ಪು ಬೋರಿಂಗ್ ಮಾಡಿದವರದು ಎಂದು ಬೈಕಿನವರು, ಓಡಿಸಿದವರದು ಎಂದು ಲೇತ್‌ನವರು ಹೇಳಿಕೊಂಡು ತಿರುಗುತ್ತಾರೆ. ಯಾರ ಮಾತು ನಿಜ ಎಂದು ಹೇಳಲು ಯಾರ ಕೈಯಲ್ಲೂ ಅಂಕಿಗಳಿರುವುದಿಲ್ಲ.

ಸ್ವಲ್ಪ ದೊಡ್ಡದಾಗಿಯೇ ಬೋರ್ ಮಾಡಿಸಿದರೆ ಎಂಜಿನ್ ಗಟ್ಟಿಯಾಗುತ್ತದೆ ಎಂಬ ನಂಬಿಕೆಯನ್ನೂ ಲೆಕ್ಕ ಹಾಕಿ ನೋಡಬೇಕು. ಜಾವಾ ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ.; ಅಂದರೆ ಸುಮಾರು 249 ಸಿಸಿ. ಬೋರನ್ನು 66ಕ್ಕೆ ಒಯ್ದರೆ ಸುಮಾರು 257 ಸಿಸಿ. ನೂರಕ್ಕೆ ಮೂರು ಪಾಲು. ಆರ್‌ಎಕ್ಸ್ 100ರ ಬೋರು, ಸ್ಟ್ರೋಕು ಎರಡೂ 50 ಮಿ.ಮೀ., 98 ಸಿಸಿ. 51ಕ್ಕೆ ಹೋದರೆ 102. ಟಯರಿನ ಗಾಳಿ ಸರಿ ಮಾಡಿದರೆ, ಸೈಲೆನ್ಸರಿನ ಕರಿ ಕೆರೆದರೆ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಸವಾರರಿಗೆ ತಿಳಿಯುತ್ತದೆ. ನಾಲ್ಕು ಸಿಸಿ ಎಂಟು ಸಿಸಿಗೋಸ್ಕರ ನಾಲ್ಕು ಜನ್ಮಗಳನ್ನು ಒಂದೇ ದಿನ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಮಕರಪುರದಲ್ಲಿ ಮೈಕ್ರಾನ್, ಮೂಲೆಯಲ್ಲಿ ಸಿಲಿಂಡರ್

ಇಷ್ಟು ಸೂಕ್ಷ್ಮದ ಕೆಲಸ ಮಾಡುವ ಯಂತ್ರಗಳು ದೇಶದಲ್ಲಿ ಇಲ್ಲವೇ? ಧಾರಾಳವಾಗಿ ಇವೆ. ಗುಜರಾತಿನ ವಡೋದರಾ ನಗರದ ದಕ್ಷಿಣದಲ್ಲಿ ಮಕರಪುರ ಎಂಬ ಜಾಗ ಇದೆ. ಒಂದು ಕಾಲಕ್ಕೆ ಗಾಯಕವಾಡ ಮನೆತನದ ಬೇಸಿಗೆ ಅರಮನೆಯಿಂದ ಹೆಸರಾಗಿದ್ದ ಊರು, ಈಗ ಜಿಐಡಿಸಿ ಕೈಗಾರಿಕಾ ವಸಾಹತು. ಸಾಲು ಸಾಲು ಎಂಜಿನಿಯರಿಂಗ್ ಶೆಡ್ಡುಗಳು, ಲೇತ್, ಮಿಲ್ಲಿಂಗ್, ಗ್ರೈಂಡಿಂಗ್, ಸಿಎನ್‌ಸಿ. ಬೆಂಗಳೂರಿನ ಪೀಣ್ಯ ನೋಡಿದವರಿಗೆ ಮಕರಪುರವನ್ನು ವಿವರಿಸಬೇಕಾಗಿಲ್ಲ. ಗುಜರಾತಿ ಫಲಕಗಳ ಬದಲು ಕನ್ನಡ ಫಲಕ ಹಾಕಿದರೆ ಸಾಕು.

ಈ ಎರಡು ಊರುಗಳ ಹಿಂದಿನ ಕಥೆಯೂ ಒಂದೇ ತೆರನಾದದ್ದು. ಮಾದರಿ ಸಂಸ್ಥಾನ ಎಂದು ಮೈಸೂರಿನ ಜೊತೆಗೆ ಹೆಸರು ಹೇಳಿಸಿಕೊಳ್ಳುತ್ತಿದ್ದದ್ದು ಬರೋಡಾ. ಮೂರನೆಯ ಸಯಾಜಿರಾವ್ ಗಾಯಕವಾಡರು 1890ರಲ್ಲಿ ವಡೋದರಾದಲ್ಲಿ ಕಲಾಭವನ ಎಂಬ ತಾಂತ್ರಿಕ ಶಾಲೆ ತೆರೆದರು. ಕೈಕಸುಬನ್ನು ಪಾಠವಾಗಿ ಕಲಿಸಬೇಕು ಎಂಬ ಯೋಚನೆ ಅದು. ಇತ್ತ 1943ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಕಟ್ಟಿಸಿದರು. ಇಂದು ಎಸ್‌ಜೆಪಿ ಎಂದು ಎಲ್ಲರೂ ಕರೆಯುವುದು ಅದನ್ನೇ. ಅಳತೆ ತಪ್ಪದ ಕೈಗಳನ್ನು ತಯಾರು ಮಾಡುವುದು ರಾಜ್ಯದ ಜವಾಬ್ದಾರಿ ಎಂದು ಎರಡೂ ಸಂಸ್ಥಾನಗಳು ಒಪ್ಪಿಕೊಂಡಿದ್ದವು. ಮಕರಪುರ, ಪೀಣ್ಯಗಳು ಆ ಮಣ್ಣಿನಲ್ಲಿ ಬೆಳೆದ ಬೆಳೆ.

ಆದರೆ ಒಂದೇ ಒಂದು ಹಳೆಯ ಸಿಲಿಂಡರ್ ಹಿಡಿದು ಅಂಥ ಶೆಡ್ಡಿನ ಬಾಗಿಲಿಗೆ ಹೋದವರನ್ನು ಒಳಗೆ ಕರೆಯಲು ಯಜಮಾನರಿಗೆ ಕಾರಣವೇ ಇಲ್ಲ. ಅವರ ಯಂತ್ರ ಒಮ್ಮೆ ಹೊಂದಿಸಿದರೆ ಒಂದೇ ಬಗೆಯ ಸಾವಿರ ತುಂಡು ತೆಗೆಯಬೇಕು. ಆಗಲೇ ಯಂತ್ರದ ಸಾಲದ ಕಂತು ಹುಟ್ಟುವುದು. ಒಂದು ಸಿಲಿಂಡರನ್ನು ಹಿಡಿಸಿ, ಕೇಂದ್ರ ಹುಡುಕಿ, ನೆಟ್ಟಗೆ ನಿಲ್ಲಿಸುವುದಕ್ಕೇ ಅರ್ಧ ಗಂಟೆ ಒಂದು ಗಂಟೆ ಬೇಕು. ಕೊರೆಯುವ ಸಮಯ ಅದಕ್ಕಿಂತ ಕಡಿಮೆ. ಆ ಹೊಂದಿಸುವ ಗಂಟೆಗೆ ಬೆಲೆ ಕೊಡಲು ಬೈಕಿನವರು ಸಿದ್ಧರಿಲ್ಲ. ಹೊಸ ಟ್ಯಾಂಕ್ ಪೇಂಟಿಗೆ, ಹೊಳೆಯುವ ಕ್ರೋಮಿಗೆ ಸಾವಿರಗಟ್ಟಲೆ ಎಣಿಸಿ ಕೊಡುವವರೇ ಬೋರಿಂಗಿನವರ ಹತ್ತಿರ ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ.

ಹೀಗಾಗಿ ಕೆಲಸ ಉಳಿದಿರುವುದು ಊರಿನ ಹಳೆಯ ಬೋರಿಂಗ್ ಅಂಗಡಿಗಳಲ್ಲಿ. ಹಳೆ ಬಸ್ ಸ್ಟ್ಯಾಂಡಿನ ಹಿಂದೆ, ಗುಜರಿ ಸಾಲಿನ ತುದಿಯಲ್ಲಿ, ಒಬ್ಬ ಹಿರಿಯ ಮೇಸ್ತ್ರಿ ಮತ್ತು ಒಂದು ಹಳೆಯ ಯಂತ್ರ. ಅಂಥವರ ಕೈಯಲ್ಲಿ ಅದ್ಭುತವಾದ ಕೆಲಸ ಇದೆ. ಆದರೆ ಅವರ ಮಗ ಆ ಅಂಗಡಿಗೆ ಬರುವುದಿಲ್ಲ. ಬರಬೇಕು ಎಂದು ಹೇಳುವ ಧೈರ್ಯ ಅವರಿಗೂ ಇಲ್ಲ. ದಿನಕ್ಕೆ ಇಷ್ಟು ಸಿಲಿಂಡರ್ ಮುಗಿಸಿದರೆ ಮಾತ್ರ ಬಾಡಿಗೆ ಹುಟ್ಟುತ್ತದೆ ಎನ್ನುವ ಪರಿಸ್ಥಿತಿಯಲ್ಲಿ ಮೊದಲು ಬಿಟ್ಟುಹೋಗುವುದು ಆರು ಅಳತೆಯ ಹತ್ತು ನಿಮಿಷ. ಬೋರ್ ಗೇಜಿನ ಜಾಗಕ್ಕೆ ಕಣ್ಣಂದಾಜು ಬರುತ್ತದೆ. ಕಿಟಕಿ ಅಂಚು ಉಜ್ಜುವ ಕೆಲಸವನ್ನು ಗ್ಯಾರೇಜಿನವರು ಮಾಡಿಕೊಳ್ಳಲಿ ಎಂದು ಇವರು, ಇವರೇ ಮಾಡಿದ್ದಾರೆ ಎಂದು ಅವರು. ಅಳೆಯದೆ ಬೋರ್ ಮಾಡುವ ಅಭ್ಯಾಸ ಸೋಮಾರಿತನದಿಂದ ಹುಟ್ಟಿದ್ದಲ್ಲ. ಅಳೆಯುವ ಸಮಯಕ್ಕೆ ಯಾರೂ ದುಡ್ಡು ಕೊಡದ ಕಾರಣಕ್ಕೆ ಹುಟ್ಟಿದ್ದು.

ಎದುರು ಮಾತುಗಳು

ಇಷ್ಟೆಲ್ಲ ತಲೆಬಿಸಿ ಯಾಕೆ, ಮಾರುಕಟ್ಟೆಯಲ್ಲಿ ಹೊಸ ಸಿಲಿಂಡರ್ ಕಿಟ್ ಸಿಗುತ್ತದಲ್ಲ ಎಂಬುದು ಮೊದಲ ಆಕ್ಷೇಪ. ಕೆಲವು ಬೈಕುಗಳಿಗೆ ಸಿಗುತ್ತದೆ ನಿಜ. ಆದರೆ ಟೂ-ಸ್ಟ್ರೋಕಿನ ಸ್ವಭಾವ ನಿಂತಿರುವುದೇ ಕಿಟಕಿಗಳ ಎತ್ತರ, ಅಗಲ, ಓರೆಯ ಮೇಲೆ. ಎಗ್ಸಾಸ್ಟ್ ಕಿಟಕಿ ಒಂದು ಮಿಲಿಮೀಟರ್ ಮೇಲೆ ಕೆಳಗಾದರೂ ಎಂಜಿನ್ ಬೇರೆಯದೇ ಆಗುತ್ತದೆ. ಎರಕದ ಗುಣಮಟ್ಟ, ಗಟ್ಟಿತನ ಡಬ್ಬಿಯಿಂದ ಡಬ್ಬಿಗೆ ಬದಲಾಗುವ ಕಿಟ್ಟನ್ನು ಕೂರಿಸಿದ ಮೇಲೆ ಬೈಕು ಓಡಬಹುದು, ಆದರೆ ಮೈಸೂರಿನ ಎಂಜಿನಿಯರುಗಳು ಟ್ಯೂನ್ ಮಾಡಿದ ಬೈಕಾಗಿ ಅದು ಉಳಿದಿರುವುದಿಲ್ಲ. ಮೂಲ ಸಿಲಿಂಡರ್ ಗುಜರಿ ಸೇರಿರುತ್ತದೆ.

ಸ್ಲೀವ್ ಹೊಡೆಸಿದರಾಯಿತು ಎಂಬುದು ಎರಡನೆಯದು. ಅದು ಒಳ್ಳೆಯ ಉಪಾಯವೇ. ಕೊನೆಯ ಮೆಟ್ಟಿಲಿನಿಂದ ಸಿಲಿಂಡರನ್ನು ಮತ್ತೆ ಮೊದಲ ಮೆಟ್ಟಿಲಿಗೆ ತರಬಲ್ಲದು. ಆದರೆ ಟೂ-ಸ್ಟ್ರೋಕಿನಲ್ಲಿ ಸ್ಲೀವಿನ ಮೇಲೆ ಪ್ರತಿಯೊಂದು ಕಿಟಕಿಯನ್ನೂ ಮೂಲ ಅಳತೆಗೆ ಕತ್ತರಿಸಿ ಹೊಂದಿಸಬೇಕು. ಸ್ಲೀವು ಹೊರಗೋಡೆಗೆ ಎಲ್ಲೆಡೆ ಬಿಗಿಯಾಗಿ ಅಂಟಿಕೊಳ್ಳದಿದ್ದರೆ ಬಿಸಿ ಹೊರಹೋಗುವುದಿಲ್ಲ, ಸೀಜ್ ತಪ್ಪುವುದಿಲ್ಲ. ಬೋರಿಂಗ್ ಮಾಡಬಲ್ಲವರಿಗಿಂತ ಸ್ಲೀವನ್ನು ಸರಿಯಾಗಿ ಹೊಡೆಯಬಲ್ಲವರು ಕಡಿಮೆ. ಅದನ್ನು ಕೊನೆಯ ಮದ್ದಾಗಿ ಇಟ್ಟುಕೊಳ್ಳುವುದೇ ಜಾಣತನ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಟೂ-ಸ್ಟ್ರೋಕ್ ಹೊಗೆ ಕಾರುವ ಎಂಜಿನ್. ಒಳಗೆ ಬಂದ ಪೆಟ್ರೋಲಿನ ಒಂದು ಪಾಲು ಸುಡದೆಯೇ ಎಗ್ಸಾಸ್ಟ್ ಕಿಟಕಿಯಿಂದ ಜಾರಿಹೋಗುತ್ತದೆ. ಅದನ್ನು ಉಳಿಸುವುದು ಯಾಕೆ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹೊಗೆಯ ಮಿತಿ ಬಿಗಿಯಾಗುತ್ತಾ ಹೋದಂತೆ ಅವು ನಮ್ಮ ರಸ್ತೆಯಿಂದ ಹಿಂದೆ ಸರಿದದ್ದು ಊರಿನ ಶ್ವಾಸಕೋಶಕ್ಕೆ ಒಳ್ಳೆಯದೇ ಆಯಿತು. ಅವು ಮತ್ತೆ ದಿನನಿತ್ಯದ ವಾಹನ ಆಗಬೇಕು ಎಂದು ಬುದ್ಧಿ ಇರುವ ಯಾರೂ ಕೇಳುವುದಿಲ್ಲ. ಉಳಿದಿರುವವು ಭಾನುವಾರ ಬೆಳಿಗ್ಗೆ ಹೊರಬರುವ, ವರ್ಷಕ್ಕೊಮ್ಮೆ ಜುಲೈನ ಜಾವಾ-ಯೆಜ್ಡಿ ದಿನಕ್ಕೆ ಸೇರುವ, ಎಸ್ಟೇಟಿನ ಕಾಲುದಾರಿಯಲ್ಲಿ ಓಡುವ ಬೈಕುಗಳು. ಹಾಗೆ ಉಳಿಯುವ ಅಷ್ಟೂ ಬೈಕು ಸರಿಯಾದ ಬಿಡುವು, ಸರಿಯಾದ ರಿಂಗು, ಅಳೆದು ಹಾಕಿದ ಆಯಿಲ್ ಇರುವ ಬೈಕಾಗಿರಲಿ ಎಂಬುದಷ್ಟೇ ಇಲ್ಲಿನ ಬೇಡಿಕೆ.

ಕಾನೂನು ಮತ್ತು ಚೀಟಿ

ಇಲ್ಲಿ ಸರಕಾರದ ಪಾತ್ರವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ನಿಯಮ ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರ ವಾಹನಗಳಿಗೆ ವಿಎ ಅಕ್ಷರವಿರುವ ಪ್ರತ್ಯೇಕ ನಂಬರ್ ಪ್ಲೇಟು, ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ವಾಹನ ಮೂಲ ಸ್ಥಿತಿಯಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ ಮಾರ್ಪಾಡಿನಂಥ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಆಶಯ ಒಳ್ಳೆಯದು. ಆದರೆ ಅರ್ಧ ಶತಮಾನ ಓಡಿದ ಟೂ-ಸ್ಟ್ರೋಕ್ ಎಂಜಿನ್ ಒಮ್ಮೆಯೂ ಬೋರ್ ಆಗದೆ ಉಳಿದಿರುವುದು ಬಹಳ ಅಪರೂಪ. 1978ರ ಮೊದಲ ರೋಡ್‌ಕಿಂಗ್‌ಗಳು 2028ರಲ್ಲಿ ಈ ಸಾಲಿಗೆ ಬರುತ್ತವೆ. ಆಗ ಬೋರಿಂಗ್ ಅಂದರೆ ಮಾರ್ಪಾಡೇ ದುರಸ್ತಿಯೇ ಎಂಬ ಪ್ರಶ್ನೆಯನ್ನು ಒಬ್ಬೊಬ್ಬ ಅಧಿಕಾರಿ ಒಂದೊಂದು ರೀತಿ ಬಿಡಿಸದಂತೆ ಈಗಲೇ ಸ್ಪಷ್ಟಪಡಿಸುವುದು ಒಳಿತು. ತಯಾರಕರೇ ಗೊತ್ತುಮಾಡಿದ ಓವರ್‌ಸೈಜ್ ಮಿತಿಯೊಳಗಿನ ಬೋರಿಂಗ್ ದುರಸ್ತಿ ಎಂದು ಒಂದು ಸಾಲು ಬರೆದರೆ ಸಾಕು.

ಹಾಗೆ ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು. ಎಂಜಿನ್ ನಂಬರ್ ಕೊರೆದಿರುವುದು ಕ್ರ್ಯಾಂಕ್‌ಕೇಸಿನ ಮೇಲೆ, ಸಿಲಿಂಡರಿನ ಮೇಲಲ್ಲ. ಮೂಲ ಸಿಲಿಂಡರನ್ನೇ ಕಿತ್ತೆಸೆದು ಬೇರೆ ಕಿಟ್ ಹಾಕಿದವರು ಪರೀಕ್ಷೆಯಲ್ಲಿ ಸಲೀಸಾಗಿ ಪಾರಾಗುತ್ತಾರೆ. ಮೂಲ ಸಿಲಿಂಡರನ್ನು ಉಳಿಸಿಕೊಂಡು ಬೋರ್ ಮಾಡಿಸಿ, ಅದನ್ನು ಮುಚ್ಚಿಡದೆ ಹೇಳಿದವರು ಸಿಕ್ಕಿಬೀಳುತ್ತಾರೆ. ಪ್ರಾಮಾಣಿಕರನ್ನು ಹಿಡಿಯುವ, ಅಪ್ರಾಮಾಣಿಕರನ್ನು ಬಿಡುವ ನಿಯಮ ಯಾವ ಪರಂಪರೆಯನ್ನೂ ಉಳಿಸುವುದಿಲ್ಲ. ದುರಸ್ತಿಯ ಹಕ್ಕಿನ ಬಗ್ಗೆ 2022ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿ ರಚಿಸಿ ಪೋರ್ಟಲ್ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ದುರಸ್ತಿ ಮಾಡುವುದು ಹಕ್ಕು ಎನ್ನುವ ಸರಕಾರವೇ ದುರಸ್ತಿ ಆಗಿದ್ದಕ್ಕೆ ಅನುಮಾನಿಸುವುದು ಹೊಂದುವುದಿಲ್ಲ.

ಆದರೆ ಸರಕಾರವನ್ನು ಕಾಯುತ್ತಾ ಕೂರಬೇಕಾಗಿಲ್ಲ. ಬೈಕಿನವರು ನಾಳೆಯಿಂದಲೇ ಮಾಡಬಹುದಾದ ಒಂದು ಕೆಲಸ ಇದೆ. ಬೋರಿಂಗ್ ಅಂಗಡಿಯಿಂದ ಅಳತೆಯ ಚೀಟಿ ಕೇಳುವುದು. ಕೊರೆಯುವ ಮೊದಲು ಸಿಲಿಂಡರಿನ ಆರು ಅಳತೆ, ಪಿಸ್ಟನ್ನಿನ ಅಳತೆ, ಕೊರೆದ ಮೇಲಿನ ಆರು ಅಳತೆ, ಬಿಟ್ಟ ಬಿಡುವು, ರಿಂಗಿನ ಸಂದು, ತಾರೀಕು, ಅಂಗಡಿಯ ಸೀಲು. ಅರ್ಧ ಹಾಳೆಯ ಕಾಗದ. ಕಣ್ಣಿನ ಡಾಕ್ಟರು ಚೀಟಿ ಕೊಡುವುದಿಲ್ಲವೇ, ಹಾಗೆ. ಆ ಚೀಟಿಗೆ ಪ್ರತ್ಯೇಕವಾಗಿ ಹಣ ಕೊಡಬೇಕು, ಚೌಕಾಸಿ ಮಾಡದೆ ಕೊಡಬೇಕು. ಅಳೆಯುವ ಹತ್ತು ನಿಮಿಷಕ್ಕೆ ಬೆಲೆ ಬಂದ ದಿನ ಅದು ಅಂಗಡಿಗೆ ವಾಪಸ್ ಬರುತ್ತದೆ.

ಚೀಟಿಯಿಂದ ಮೂರು ಲಾಭ. ಮೊದಲನೆಯದು, ಬಹಳಷ್ಟು ಸಲ ಬೋರೇ ಬೇಡ ಎಂದು ತಿಳಿಯುತ್ತದೆ. ಸವೆತ ಕೈಪಿಡಿಯ ಮಿತಿಯೊಳಗಿದ್ದರೆ ಹೊಸ ರಿಂಗು, ಸಣ್ಣ ಹೋನಿಂಗ್ ಸಾಕು, ಒಂದು ಮೆಟ್ಟಿಲು ಉಳಿಯಿತು. ಎರಡನೆಯದು, ಬೈಕು ಕೈ ಬದಲಾದಾಗ ಕೊಳ್ಳುವವರಿಗೆ ಎಷ್ಟು ಆಯುಷ್ಯ ಉಳಿದಿದೆ ಎಂಬುದು ಬಾಯಿಮಾತಿನ ಬದಲು ಕಾಗದದಲ್ಲಿ ಸಿಗುತ್ತದೆ. ಮೂರನೆಯದು, ಮತ್ತೆ ಸೀಜ್ ಆದರೆ ತಪ್ಪು ಬೋರಿನದೋ ಗಾಳಿ ಎಳೆಯುವ ಸೀಲಿನದೋ ಎಂದು ಜಗಳವಾಡದೆ ಹುಡುಕಬಹುದು. ಒಳ್ಳೆಯ ಮೇಸ್ತ್ರಿಗಳಿಗೆ ಇದು ಅವಮಾನ ಅಲ್ಲ, ರಕ್ಷಣೆ. ತನ್ನ ಕೆಲಸ ಎಷ್ಟು ನಿಖರ ಎಂದು ಬರೆದು ಕೊಡುವ ಅವಕಾಶ ಅವರಿಗೆ ಇದುವರೆಗೆ ಯಾರೂ ಕೊಟ್ಟಿರಲಿಲ್ಲ.

ಬೈಕ್ ಕ್ಲಬ್ಬುಗಳು ಇದನ್ನು ಕೈಗೆತ್ತಿಕೊಂಡರೆ ಇನ್ನೂ ಸುಲಭ. ಒಬ್ಬೊಬ್ಬರು ಒಂದೊಂದು ಸಿಲಿಂಡರ್ ಹಿಡಿದು ಅಲೆಯುವ ಬದಲು, ವರ್ಷಕ್ಕೆ ಎರಡು ಸಲ ಇಪ್ಪತ್ತು ಮೂವತ್ತು ಸಿಲಿಂಡರ್ ಒಟ್ಟು ಸೇರಿಸಿದರೆ ಪೀಣ್ಯದಲ್ಲೋ ಮಕರಪುರದಲ್ಲೋ ಒಂದು ಒಳ್ಳೆಯ ಶೆಡ್ಡಿಗೆ ಅದು ಗಮನಿಸಬೇಕಾದ ಕೆಲಸವಾಗುತ್ತದೆ. ಐಟಿಐಗಳಲ್ಲಿ ಹಳೆಯ ಟೂ-ಸ್ಟ್ರೋಕ್ ಸಿಲಿಂಡರ್ ಒಂದನ್ನು ಮೇಜಿನ ಮೇಲಿಟ್ಟು ಆರು ಅಳತೆ ತೆಗೆಸಿದರೆ, ಅಳತೆ ಕಲಿಸುವುದಕ್ಕೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಯಾಕೆಂದರೆ ಅದು ನಿಜವಾಗಿ ಸವೆದ ವಸ್ತು, ಪಾಠಕ್ಕೆಂದು ಮಾಡಿದ ತುಂಡಲ್ಲ.

ಐಡಿಯಲ್ ಜಾವಾ ತನ್ನ ಬೈಕುಗಳನ್ನು ಮಾರುವಾಗ ಎಂದೆಂದಿಗೂ ಬಾಳುವ ಬೈಕು ಎಂದು ಜಾಹೀರಾತು ಮಾಡುತ್ತಿತ್ತು. ಯಾವ ಕಬ್ಬಿಣವೂ ಎಂದೆಂದಿಗೂ ಬಾಳುವುದಿಲ್ಲ. ಆದರೆ ಕಾಲು ಮಿಲಿಮೀಟರನ್ನು ಒಬ್ಬ ಸವಾರ ಇಪ್ಪತ್ತು ವರ್ಷ ಬಾಳಿಸಬಹುದು, ಇನ್ನೊಬ್ಬ ಇಪ್ಪತ್ತು ದಿನದಲ್ಲಿ ಮುಗಿಸಬಹುದು. ಆ ಇಬ್ಬರ ನಡುವಿನ ವ್ಯತ್ಯಾಸ ಒಂದು ಏರ್ ಫಿಲ್ಟರ್, ಒಂದು ಅಳತೆಯ ಲೋಟ, ಹತ್ತು ನಿಮಿಷ ಹಿಡಿದ ಬೋರ್ ಗೇಜ್. ಮುಂದಿನ ಸಲ ಗ್ಯಾರೇಜಿನಲ್ಲಿ ಹೇಗೂ ಬಿಚ್ಚಿದ್ದೇವಲ್ಲ ಎಂಬ ಮಾತು ಬಂದಾಗ ಬೈಕಿನವರು ಕೇಳಬೇಕಾದ್ದು ಇಷ್ಟೇ: ಅಳತೆ ಎಷ್ಟು ಬಂತು, ಬರೆದು ಕೊಡಿ.